ಬಾಯಾರಿದ ಗಾಡಿ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸೇನೆಯ ಹಸಿರು ಜೀಪೊಂದು ಠಾಣೆಯ ಮೆಟ್ಟಿಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಇನ್ಸ್‌ಪೆಕ್ಟರ್ ಆಗ ಮಗಳ ಅಂಕಪಟ್ಟಿಯ ಬಗ್ಗೆ ಯೋಚಿಸುತ್ತಿದ್ದರು. ಮನೆಯಲ್ಲಿ ಒಂದು ಕಾಲಿಗೆ ಶೂ ಏರಿಸಿ ಇನ್ನೊಂದಕ್ಕಾಗಿ ಮಂಚದ ಕೆಳಗೆ ತಡಕಾಡುವಾಗ ಅವಳು "ಅಪ್ಪಾ, ಇಲ್ಲಿ ಸೈನ್ ಹಾಕು" ಎಂದು ಹಾಳೆ ಚಾಚಿದ್ದಳು. ಹಾಕಿದ್ದರು. ಯಾವುದರಲ್ಲಿ ಎಷ್ಟು ಎಂದು ನೋಡಿರಲಿಲ್ಲ. ದಾರಿಯಲ್ಲಿ ಬರುವಾಗ, ಅವಳಿಗೆ ಯಾಕೆ ಅಷ್ಟು ಅವಸರವಿತ್ತು ಎಂಬ ಅನುಮಾನ ತಲೆಯೊಳಗೆ ಹೊಕ್ಕಿತ್ತು.

ಜೀಪಿನಿಂದ ಇಳಿದವರು ಊರಾಚೆಯ ಸೇನಾ ವಾಹನ ಯಾರ್ಡಿನ ಮೇಜರ್. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಯಾರ್ಡಲ್ಲಿ ಡೀಸೆಲ್ ಹೋಗ್ತಾ ಇದೆ."

"ಎಷ್ಟು?"

"ಮೂರು ಸಣ್ಣ ಲಾರಿ. ಒಂದೊಂದರಲ್ಲೂ ಅರವತ್ತು ಲೀಟರ್. ಮೂರೂ ಬರಿದು."

"ಟ್ಯಾಂಕಿನ ಬೀಗ ಒಡೆದಿದಾರಾ?"

"ಇಲ್ಲ."

"ಸೀಲು?"

"ಹಾಕಿದ್ದು ಹಾಕಿದ ಹಾಗೇ ಇದೆ."

ದೂರು ಬರೆದುಕೊಳ್ಳಲು ಕೂತಿದ್ದ ರೈಟರ್ ಪೆನ್ನೆತ್ತಿದ. ಠಾಣೆಯ ಕಾಗದಪತ್ರವೆಲ್ಲ ಅವನ ಕೈಯಲ್ಲೇ. ಇಪ್ಪತ್ತೆರಡು ವರ್ಷದಿಂದ ಬರೆದೂ ಬರೆದೂ ಅವನ ಬಲಗೈ ಬೆರಳು ಪೆನ್ನಿಲ್ಲದಾಗಲೂ ಪೆನ್ನು ಹಿಡಿದಂತೆಯೇ ಬಾಗಿರುತ್ತಿತ್ತು. "ಹಾಗಾದ್ರೆ ಕಳವು ಅಂತ ಹೇಗೆ ಬರೀಲಿ ಸರ್? ಆವಿ ಆಯ್ತು ಅಂತ ಬರೀಲಾ?"

ಮೇಜರ್ ನಗಲಿಲ್ಲ. "ಬೆಳಿಗ್ಗೆ ಪ್ರತಿ ಗಾಡಿನೂ ಸ್ಟಾರ್ಟ್ ಮಾಡಿ ಯಾರ್ಡು ಸುತ್ತಿಸ್ತೀವಿ. ಹೋದ ಮಂಗಳವಾರ ಒಂದು ನಿಂತುಹೋಯ್ತು. ಶುಕ್ರವಾರ ಇನ್ನೊಂದು. ಇವತ್ತು ಮೂರನೇದು. ಮೂರೂ ಗೇಟಿನ ಮುಂದೆ, ಬಿಳಿ ಗೆರೆ ಹತ್ತಿರ. ಒಂದಕ್ಕೂ ಇನ್ನೊಂದಕ್ಕೂ ಹತ್ತು ಹೆಜ್ಜೆ ವ್ಯತ್ಯಾಸ ಇಲ್ಲ." ಸ್ವಲ್ಪ ತಡೆದು ಸೇರಿಸಿದರು: "ನಿಂತಾಗ ಮೂರರಲ್ಲೂ ಡೀಸೆಲ್ ಮುಳ್ಳು ಫುಲ್ ತೋರಿಸ್ತಾ ಇತ್ತು."

ರೈಟರನ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು.

ಒಂಬತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹೊರಡುವ ಮುನ್ನ ಮೇಜರ್ ಇನ್ನೊಂದು ಮಾತು ಹೇಳಿದರು. ಗೇಟಿನ ಕಾವಲುಗಾರನನ್ನು ಕೂಡಿಹಾಕಲಾಗಿದೆ. ಗುರುವಾರದೊಳಗೆ ಬೇರೆ ಯಾರೂ ಸಿಗದಿದ್ದರೆ ಸೇನೆಯ ವಿಚಾರಣೆ ಅವನ ಮೇಲೇ ಶುರುವಾಗುತ್ತದೆ. "ಮದುವೆಯಾಗಿ ಎಂಟು ತಿಂಗಳು. ಒಳ್ಳೆಯವನೇ. ಆದರೆ ಗೇಟು ಅವನದು."

*

ಹನ್ನೊಂದು ಇಪ್ಪತ್ತಕ್ಕೆ ಯಾರ್ಡು ತಲುಪಿದರು. ಕಾಂಕ್ರೀಟಿನ ವಿಶಾಲ ಅಂಗಳ. ಅದರ ಮೂರು ಬದಿಗೆ ತಗಡಿನ ಶೆಡ್ಡು. ಶೆಡ್ಡಿನಡಿ ಮೂತಿ ಹೊರಗಿಟ್ಟುಕೊಂಡು ಸಾಲಾಗಿ ನಿಂತ ಲಾರಿಗಳು. ಗಾಳಿ ಇರಲಿಲ್ಲ. ಆದರೂ ಸಾಲಿನ ಕೊನೆಯಲ್ಲಿ ಒಂದು ಟಾರ್ಪಾಲು ಆಗೊಮ್ಮೆ ಈಗೊಮ್ಮೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು.

ಸೀಲು ಹಾಕುವ ಅಧಿಕಾರಿಯನ್ನು ಯಾರ್ಡಿನವರೆಲ್ಲ ಸೀಲು ಮಾಸ್ಟರ್ ಎಂದೇ ಕರೆಯುತ್ತಿದ್ದರು. ದುಂಡು ಮುಖ, ನಗುಮಾತು. ಎರಡೆಳೆ ಹೆಣೆದ ಸಣ್ಣ ತಂತಿಯನ್ನು ಮುಚ್ಚಳದ ಕಿವಿಗೆ ಪೋಣಿಸಿ, ಸೀಸದ ಗುಂಡು ಸಿಕ್ಕಿಸಿ, ಇಕ್ಕಳದಲ್ಲಿ ಒತ್ತಿ ತೋರಿಸಿದರು. ಸೀಸದ ಮೇಲೆ ಅಂಕಿ ಮೂಡಿತು.

"ತಂತಿ ಸುರುಳಿ, ಇಕ್ಕಳ, ಎರಡೂ ನನ್ನ ಪೆಟ್ಟಿಗೇಲಿ. ಪೆಟ್ಟಿಗೆ ಕೀಲಿ ನನ್ನ ಸೊಂಟದಲ್ಲಿ. ನನ್ನ ಹೆಂಡತಿಗೂ ಕೊಡಲ್ಲ ಸರ್. ನನ್ನ ಸೀಲು ಮುರಿದಿಲ್ಲ ಅಂದ್ರೆ ಡೀಸೆಲ್ ಎಲ್ಲೂ ಹೋಗಿಲ್ಲ."

"ಆದರೆ ಹೋಗಿದೆಯಲ್ಲ?"

"ಅದೇ ವಿಚಿತ್ರ."

"ಟ್ಯಾಂಕಿಗೆ ಕೋಲು ಇಳಿಸಿ ಅಳೆಯಲ್ವಾ?"

"ಮೊದಲು ಅಳೀತಿದ್ವಿ. ಎರಡು ವರ್ಷದ ಹಿಂದೆ, ಕಳ್ಳರು ಪೈಪ್ ಹಾಕಬಾರದು ಅಂತ ಬಾಯಿಗೆ ಜಾಲರಿ ಬೆಸುಗೆ ಹಾಕಿಸಿದೀವಿ. ಕೋಲೂ ಇಳಿಯಲ್ಲ. ಮುಳ್ಳು ನೋಡ್ತೀವಿ, ಸೀಲು ನೋಡ್ತೀವಿ, ರಿಜಿಸ್ಟರಿಗೆ ಸರಿ ಇದೆ ಅಂತ ಬರೀತೀವಿ."

ಕಳ್ಳನ ಕೈ ತಡೆಯಲು ಮಾಡಿದ ಏರ್ಪಾಡು ಯಜಮಾನನ ಕಣ್ಣನ್ನೂ ಮುಚ್ಚಿತ್ತು. ಇನ್ಸ್‌ಪೆಕ್ಟರಿಗೆ ಮತ್ತೆ ಆ ಅಂಕಪಟ್ಟಿ ನೆನಪಾಯಿತು.

ಸಾಕ್ಷಿಗೆ ಪಂಚರಾಗಿ ಕ್ಯಾಂಟೀನಿನ ಯಜಮಾನ ಮತ್ತು ಯಾರ್ಡಿನ ಕಮ್ಮಾರ ಬಂದರು. ಮೆಕ್ಯಾನಿಕ್ ಮೂರನೇ ಲಾರಿಯ ಟ್ಯಾಂಕಿನ ಪಕ್ಕ ಮಂಡಿಯೂರಿ, ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದ. ಟೊಳ್ಳು ಸದ್ದು ಶೆಡ್ಡಿನ ತಗಡಿಗೆ ತಾಗಿ ವಾಪಸು ಬಂತು.

"ತುಂಬೋ ಬಾಯಿ ಬಿಟ್ಟರೆ ಇದಕ್ಕೆ ಬೇರೆ ಬಾಯಿ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

ಮೆಕ್ಯಾನಿಕ್ ಟ್ಯಾಂಕಿನ ಮೇಲ್ಭಾಗಕ್ಕೆ ಕೈ ತೋರಿಸಿದ. "ಬಾಯಿ ಅಂತ ಹೇಳಕ್ಕಾಗಲ್ಲ ಸರ್. ಟ್ಯಾಂಕಿನ ನೆತ್ತಿ ಮೇಲೆ ಗೇಜಿನ ಮುಚ್ಚಳ ಇದೆ. ಐದು ಸ್ಕ್ರೂ. ಬಿಚ್ಚಿದ್ರೆ ಪೈಪ್ ಇಳಿಯುತ್ತೆ. ಅದರಡಿ ಒಂದು ಕಡ್ಡಿ, ಕಡ್ಡಿ ತುದಿಗೆ ತೇಲುಗುಂಡು. ಎಣ್ಣೆ ಮೇಲಿದ್ರೆ ಗುಂಡು ಮೇಲೆ, ಮುಳ್ಳು ಮೇಲೆ."

"ಅದಕ್ಕೆ ಸೀಲು ಇದೆಯಾ?"

ಸೀಲು ಮಾಸ್ಟರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

ಹನ್ನೆರಡು ಗಂಟೆ ಐದು ನಿಮಿಷಕ್ಕೆ ಐದೂ ಸ್ಕ್ರೂ ಬಿಚ್ಚಿಕೊಂಡವು. ಮೆಕ್ಯಾನಿಕ್ ಕಡ್ಡಿಯನ್ನು ಮೇಲೆತ್ತಿದ. ತೇಲುಗುಂಡು ಕೆಳಗೆ ಜೋತಾಡಬೇಕಿತ್ತು; ಜೋತಾಡಲಿಲ್ಲ. ದಪ್ಪ ಕಂದು ದಾರವೊಂದು ಅದನ್ನು ಕಡ್ಡಿಯ ಮೇಲ್ತುದಿಗೆ ಬಿಗಿದು ಕಟ್ಟಿತ್ತು. ಅಚ್ಚುಕಟ್ಟಾದ ಗಂಟು; ಅದರ ಮೇಲೆ ಎಡಕ್ಕೆ ತಿರುಗಿದ ಇನ್ನೊಂದು ಗಂಟು.

"ಅಂದರೆ ಟ್ಯಾಂಕ್ ಒಣಗಿದ್ರೂ ಮುಳ್ಳು ಫುಲ್ ಅಂತಾನೇ ಇರುತ್ತೆ," ಎಂದ ಮೆಕ್ಯಾನಿಕ್. ಅವನ ಮುಖ ಬಿಳಿಚಿಕೊಂಡಿತ್ತು. "ಇಪ್ಪತ್ತು ವರ್ಷದಲ್ಲಿ ಇದನ್ನ ನೋಡಿಲ್ಲ."

ದಾರವನ್ನು ಪಂಚರ ಸಮಕ್ಷಮ ಲಕೋಟೆಗೆ ಹಾಕಿದರು. ರೈಟರ್ ಬರೆದುಕೊಂಡ. ಮಿಕ್ಕೆರಡು ಲಾರಿಯಲ್ಲೂ ಅದೇ ದಾರ, ಅದೇ ಗಂಟು.

*

ಕೂಡಿಹಾಕಿದ್ದ ಕಾವಲುಗಾರನ ಕೋಣೆಗೆ ಒಂದೇ ಕಿಟಕಿ. ಅವನು ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡ.

"ರಾತ್ರಿ ಯಾರಾದ್ರೂ ಒಳಗೆ ಬರ್ತಾರಾ?"

"ರಾತ್ರಿ ನಾಲ್ಕು ಜನ ಸುತ್ತುತ್ತಾರೆ ಸರ್. ದೀಪ ಇರುತ್ತೆ. ಇಲಿ ಹೋದ್ರೂ ಗೊತ್ತಾಗುತ್ತೆ."

"ಹಗಲು?"

"ಹಗಲು ಎಲ್ಲರೂ ಇರ್ತಾರಲ್ಲ ಸರ್."

"ಊಟದ ಹೊತ್ತಿಗೆ?"

"ಒಂದರಿಂದ ಎರಡರವರೆಗೆ ಯಾರ್ಡು ಖಾಲಿ. ಗೇಟಲ್ಲಿ ನಾನೊಬ್ಬನೇ. ಯಾರೂ ಇರಲ್ಲ." ಆಮೇಲೆ ದನಿ ತಗ್ಗಿಸಿ, "ಸರ್, ಒಂದು ಹೇಳ್ತೀನಿ, ನಗಬೇಡಿ. ಆ ಹೊತ್ತಿಗೆ ಕೊನೇ ಗಾಡಿ ನೀರು ಕುಡಿಯುತ್ತೆ."

"ಏನು?"

"ಸಾಲಿನ ಕೊನೇಲಿ ದೊಡ್ಡ ಲಾರಿ ಇದೆಯಲ್ಲ, ಕೆಂಪಕ್ಷರದಲ್ಲಿ 'ರದ್ದು' ಅಂತ ಬರೆದಿರೋದು. ಅದರ ಕಡೆಯಿಂದ ಗುಟುಕ್ ಗುಟುಕ್ ಅಂತ ಸದ್ದು ಬರುತ್ತೆ. ಬಾಯಾರಿದೋರು ಚೊಂಬಿನಿಂದ ಕುಡಿದ ಹಾಗೆ. ನಾನೊಬ್ಬನೇ ಅಲ್ಲ, ಮೂರು ಜನ ಕೇಳಿದೀವಿ. ಒಂದ್ಸಲ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಗಾಡಿ ಮಾತ್ರ. ನಾವೆಲ್ಲ ಅದಕ್ಕೆ ಬಾಯಾರಿದ ಗಾಡಿ ಅಂತೀವಿ. ಪಕ್ಕದ ಗಾಡಿಗಳ ಎಣ್ಣೆ ಅದೇ ಕುಡೀತಿದೆ ಅಂತ…"

"ಯಾರ ಗಾಡಿ ಅದು?"

"ಹೋದ ವರ್ಷ ಹಿಮ ಬೀಳೋ ಘಾಟಿ ದಾರೀಲಿ ನಿಂತುಹೋಯ್ತಲ್ಲ ಸರ್, ಅದು. ಓಡಿಸ್ತಿದ್ದೋನು ಎರಡು ರಾತ್ರಿ ಒಳಗೇ ಇದ್ದ. ಎಂಜಿನ್ ಇಲ್ಲ ಅಂದ್ರೆ ಹೀಟರ್ ಇಲ್ಲ. ಚಳಿಗೆ ಹೋಗಿಬಿಟ್ಟ. ಗಾಡಿ ಶುಕ್ರವಾರ ಗುಜರಿಗೆ ಹೋಗುತ್ತೆ. ಹೋದ್ರೆ ಸಾಕು."

ಹೊರಗೆ ಬಂದ ಮೇಲೆ ರೈಟರ್ ಕೇಳಿದ: "ಇದನ್ನ ಹೇಳಿಕೇಲಿ ಸೇರಿಸಲಾ ಸರ್? ಆರೋಪಿ ನಂಬರ್ ಒಂದು, ಲಾರಿ?"

ಇನ್ಸ್‌ಪೆಕ್ಟರ್ ಗೇಟಿನ ಕಡೆ ನೋಡಿದರು. ಅವರ ತಲೆಯಲ್ಲಿ ಗೇಟಿನ ಮುಂದಿನ ಬಿಳಿ ಗೆರೆ ಕೊರೆಯುತ್ತಿತ್ತು. ಡೀಸೆಲ್ ಕದಿಯುವವನಿಗೆ ಗಾಡಿ ಎಲ್ಲೋ ದೂರ ಹೋಗಿ ನಿಂತರೆ ಒಳ್ಳೆಯದು. ಕಳವು ಎಲ್ಲಿ ಆಯಿತೆಂದೇ ಗೊತ್ತಾಗುವುದಿಲ್ಲ. ಇಲ್ಲಿ ಯಾರೋ ಗೇಟಿನವರೆಗೆ ಸಾಕಾಗುವಷ್ಟನ್ನು ಮಾತ್ರ, ಅಳೆದು, ಬಿಟ್ಟಿದ್ದರು. ಗಾಡಿ ಯಾರ್ಡು ದಾಟಬಾರದು, ಆದರೆ ನಿಂತದ್ದು ಎಲ್ಲರ ಕಣ್ಣಿಗೆ ಬೀಳಬೇಕು. ಇದು ಯಾವ ಜಾತಿಯ ಕಳ್ಳತನ?

ಅವರು ಶೆಡ್ಡಿನುದ್ದಕ್ಕೂ ನಡೆದರು. ಸಾಲಿನ ಕೊನೆಗೆ, ಒಂದು ಲಾರಿಯ ಪಕ್ಕಕ್ಕೆ ಇಳಿಬಿಟ್ಟ ಟಾರ್ಪಾಲಿನ ನೆರಳಲ್ಲಿ ಒಬ್ಬ ಹೆಂಗಸು ಕೂತು ಹೊಲಿಯುತ್ತಿದ್ದಳು. ಟಾರ್ಪಾಲು ಗುಡಾರದ ಹಾಗೆ ಅವಳನ್ನೂ ಟ್ಯಾಂಕನ್ನೂ ಮುಚ್ಚಿತ್ತು. ಸೂಜಿ ಎಳೆದಾಗಲೆಲ್ಲ ಬಟ್ಟೆ ಉಬ್ಬಿ ಇಳಿಯುತ್ತಿತ್ತು. ಪಕ್ಕದಲ್ಲಿ ಬಟ್ಟೆ ಸುರುಳಿ ಹೇರಿದ ತಳ್ಳುಗಾಡಿ. ಲಾರಿಗಳ ಹೊದಿಕೆ ಹೊಲಿಯುವವಳು, ಯಾರ್ಡಿಗೆಲ್ಲ ಟಾರ್ಪಾಲಕ್ಕ.

"ಎಷ್ಟು ವರ್ಷದಿಂದ ಇಲ್ಲಿದೀರಿ ಅಕ್ಕ?"

"ಹದಿನಾಲ್ಕು."

"ಊಟಕ್ಕೆ ಹೋಗಲ್ವಾ?"

"ಡಬ್ಬಿ ತಂದಿರ್ತೀನಿ. ಇಲ್ಲೇ ತಿಂತೀನಿ." ತಲೆ ಎತ್ತದೆ ದಾರ ಕಡಿದು ಗಂಟು ಹಾಕಿದಳು. ಎಡಗೈಯಿಂದ.

ಅವರು ಮುಂದೆ ನಡೆದರು. ಯಾರೂ ಇರಲಿಲ್ಲ ಎಂದು ಕಾವಲುಗಾರ ಎರಡು ಸಲ ಹೇಳಿದ್ದ. ಸುಳ್ಳು ಹೇಳಿರಲಿಲ್ಲ. ಅವನ ಲೆಕ್ಕದಲ್ಲಿ ಟಾರ್ಪಾಲಕ್ಕ 'ಯಾರೂ' ಎನ್ನುವುದರಲ್ಲಿ ಸೇರಿರಲಿಲ್ಲ, ಅಷ್ಟೇ.

*

ಮಂಗಳವಾರ ಮಧ್ಯಾಹ್ನ ಹನ್ನೆರಡು ಐವತ್ತು. ಊಟದ ಗಂಟೆ ಹೊಡೆಯುವ ಮೊದಲೇ ಇನ್ಸ್‌ಪೆಕ್ಟರ್ ಬಾಯಾರಿದ ಗಾಡಿಯ ಕ್ಯಾಬಿನ್ನಿಗೆ ಹತ್ತಿ ಚಾಲಕನ ಸೀಟಿನಲ್ಲಿ ತಗ್ಗಿ ಕೂತರು. ರೈಟರ್ ಮತ್ತು ಇಬ್ಬರು ಪಂಚರು ಪಕ್ಕದ ಶೆಡ್ಡಿನ ಟೈರುಗಳ ಹಿಂದೆ.

ಸೀಟಿನ ರೆಗ್ಜಿನ್ನಿನಲ್ಲಿ ಒಬ್ಬ ಮನುಷ್ಯನ ಬೆನ್ನಿನ ಅಚ್ಚು ಹಾಗೇ ಉಳಿದಿತ್ತು. ಸ್ಟೀರಿಂಗಿನ ಮೇಲೆ ಒಂದು ವರ್ಷದ ಧೂಳಿರಬೇಕಿತ್ತು, ಇರಲಿಲ್ಲ. ಯಾರೋ ದಿನಾ ಒರೆಸಿದ ಹಾಗೆ ಹೊಳೆಯುತ್ತಿತ್ತು. ಗಾಜಿನಾಚೆ ಅಂಗಳ ಬಿಳಿಬಿಸಿಲಲ್ಲಿ ಖಾಲಿ ಬಿದ್ದಿತ್ತು. ಅಷ್ಟೊಂದು ಬೆಳಕಿನಲ್ಲಿ ಒಂದು ಜೀವವೂ ಅಲ್ಲಾಡದಿದ್ದರೆ ಕತ್ತಲೆಗಿಂತ ಹೆಚ್ಚು ಭಯವಾಗುತ್ತದೆ ಎಂಬುದು ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರಿಗೆ ಮೊದಲ ಸಲ ಗೊತ್ತಾಯಿತು.

ಒಂದು ಹದಿನೆಂಟು. ಚಕ್ರದ ಕಿರ್‌ಗುಟ್ಟುವಿಕೆ. ನಿಂತಿತು. ಬೆನ್ನ ಹಿಂದೆ, ಕೆಳಗೆ, ಲೋಹದ ಮುಚ್ಚಳ ನಿಧಾನವಾಗಿ ತಿರುಗಿದ ಸದ್ದು.

ಆಮೇಲೆ ಗುಟುಕ್. ಗುಟುಕ್. ಗುಟುಕ್.

ಅವರ ತೋಳಿನ ರೋಮ ಎದ್ದು ನಿಂತಿತು. ಕಾರಣ ಗೊತ್ತಿದ್ದೂ ನಿಂತಿತು. ಗಾಡಿಯ ಹೊಟ್ಟೆಯೊಳಗೆ ಇಳಿಯುತ್ತಿದ್ದ ಆ ಸದ್ದು ಸೀಟಿನ ಮೂಲಕ ಅವರ ಬೆನ್ನುಹುರಿಗೆ ಏರುತ್ತಿತ್ತು. ನಡುವೆ ಒಂದು ದನಿ, ಹತ್ತಿರ ಕೂತವರಿಗೆ ಮಾತ್ರ ಕೇಳುವಷ್ಟು:

"ಕುಡಿ ಮಗಾ. ಇನ್ನೊಂಚೂರು. ಇವತ್ತಿಗೆ ಮುಗೀತು."

ಅವರು ಬಾಗಿಲು ತೆರೆದು ಇಳಿದರು. ಟಾರ್ಪಾಲಕ್ಕ ಬೆಚ್ಚಲಿಲ್ಲ. ಬಟ್ಟೆ ಸುರುಳಿಯೊಳಗಿಂದ ಹೊರತೆಗೆದ ಐದು ಲೀಟರ್ ಕ್ಯಾನನ್ನು ಕೊನೆಯ ಹನಿಯವರೆಗೂ ಬಗ್ಗಿಸಿ, ಮುಚ್ಚಳ ತಿರುಗಿಸಿ, ಸೆರಗಿನಿಂದ ಒರೆಸಿದಳು.

"ನಿನ್ನೆ ಗಂಟು ನೋಡಿದಾಗಲೇ ನಿಮಗೆ ತಿಳೀತು ಅನ್ಕೊಂಡೆ. ಯಾಕೆ ತಡ ಮಾಡಿದ್ರಿ?"

"ಎಲ್ಲ ಡೀಸೆಲ್ ಇದರಲ್ಲೇ ಇದೆಯಾ?"

"ಒಂದು ಹನಿ ಮನೆಗೆ ಒಯ್ದಿಲ್ಲ."

"ಯಾರ ಗಾಡಿ ಇದು?"

"ನನ್ನ ಮಗಂದು."

ಟೈರುಗಳ ಹಿಂದಿನಿಂದ ಬಂದ ರೈಟರ್ ಪೆನ್ನು ಬಿಚ್ಚಲು ಮರೆತು ನಿಂತ.

"ಗೇಟಿನ ಕಾವಲಿನವನನ್ನ ಬಿಡಿ ಮೊದಲು," ಎಂದಳು. "ಅವನ ಹೆಂಡತಿ ನಿನ್ನೆ ನಮ್ಮ ಬೀದೀಲಿ ಅಳ್ತಾ ಹೋದಳು. ಇವತ್ತು ನೀವು ಬರದೇ ಇದ್ದಿದ್ರೆ ಸಂಜೆ ನಾನೇ ಠಾಣೆಗೆ ಬರ್ತಿದ್ದೆ."

"ಯಾಕಕ್ಕಾ ಇದೆಲ್ಲ?"

ಅವಳು ತಳ್ಳುಗಾಡಿಯ ಅಂಚಿಗೆ ಕೂತಳು. "ನನ್ನ ಮಗ ವೈರ್‌ಲೆಸ್ಸಲ್ಲಿ ಎರಡೇ ಮಾತು ಹೇಳಿದ. ಗಾಡಿ ನಿಂತಿದೆ. ಮುಳ್ಳು ಫುಲ್ ಇದೆ. ಅಷ್ಟೊತ್ತಿಗೆ ಬ್ಯಾಟರಿ ಸತ್ತುಹೋಯ್ತು. ಮೂರನೇ ದಿನ ಹೋದೋರು ಸೀಲು ಕತ್ತರಿಸಿ, ಜಾಲರಿ ಕಿತ್ತು ಕೋಲು ಇಳಿಸಿದ್ರೆ ಟ್ಯಾಂಕ್ ಒಣ. ಸೀಲು ನೆಟ್ಟಗಿತ್ತು, ಅದಕ್ಕೆ ಕಳವಾಗಿಲ್ಲ ಅಂದ್ರು. ಎಣ್ಣೆ ಹಾಕಿಸಿಕೊಳ್ಳದೇ ಹೊರಟ, ಮುಳ್ಳು ಫುಲ್ ಅಂದಿದ್ದು ಸುಳ್ಳು ಅಂತ ಬರೆದ್ರು. ನನ್ನ ಮಗ ಎಲೆ ಅಡಿಕೆ ತಿಂದ್ರೂ ಬಂದು ಹೇಳ್ತಿದ್ದೋನು. ಸಾಯೋ ಹೊತ್ತಲ್ಲಿ ಸುಳ್ಳು ಹೇಳ್ತಾನಾ?"

"ಗೇಜಿನ ವಿಷಯ ಯಾರು ಹೇಳಿದ್ರು?"

"ಮೆಕ್ಯಾನಿಕ್ ಅಣ್ಣನ್ನ ಕೇಳಿದೆ, ಒಳಗೆ ಎಷ್ಟಿದೆ ಅಂತ ಈ ಮುಳ್ಳಿಗೆ ಹೇಗೆ ಗೊತ್ತಾಗುತ್ತೆ ಅಂತ. ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ ಹೇಳಿಕೊಟ್ಟ. ಅವತ್ತು ಹೊಳೀತು. ಹನ್ನೊಂದು ಅರ್ಜಿ ಕೊಟ್ಟೆ, ಆ ಮುಚ್ಚಳ ಬಿಚ್ಚಿ ನೋಡಿ ಅಂತ. ಸೀಲು ನೆಟ್ಟಗಿದ್ರೆ ಎಣ್ಣೆ ಹೋಗಕ್ಕೆ ಸಾಧ್ಯ ಇಲ್ಲಮ್ಮ, ಮನೆಗೆ ಹೋಗು ಅಂದ್ರು. ಸಾಧ್ಯ ಇದೆ ಅಂತ ತೋರಿಸಿದೆ. ಮೂರು ಸಲ."

"ನೀವೇ ಇದನ್ನ ಬಿಚ್ಚಿ ನೋಡಬಹುದಿತ್ತಲ್ಲ?"

ಅವಳು ಮೊದಲ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟಳು. "ನಾನು ಮುಟ್ಟಿದ್ರೆ ಗುಂಡು ನಾನೇ ಕಟ್ಟಿಟ್ಟೆ ಅಂತಿದ್ರಿ. ತುಂಬೋ ಬಾಯಿಂದ ತುಂಬಿದೀನಿ. ನೆತ್ತಿ ಮುಟ್ಟಿಲ್ಲ. ಪೊಲೀಸರು ಪಂಚರ ಮುಂದೆ ಬಿಚ್ಚಬೇಕು ಅಂತಾನೇ ಇಷ್ಟು ಮಾಡಿದ್ದು. ಶುಕ್ರವಾರ ಗುಜರಿಯವರು ಇದನ್ನ ಕತ್ತರಿಸ್ತಾರೆ ಸರ್. ಆಮೇಲೆ ನನ್ನ ಮಗ ಸುಳ್ಳುಗಾರನಾಗೇ ಉಳೀತಾನೆ."

*

ಎರಡು ಗಂಟೆ ನಲವತ್ತು ನಿಮಿಷ. ಮೇಜರ್ ಬಂದರು, ಮೆಕ್ಯಾನಿಕ್ ಬಂದ, ಸೀಲು ಮಾಸ್ಟರನ್ನು ಕರೆಸಲಾಯಿತು. ಹೊಸ ಬ್ಯಾಟರಿ ಜೋಡಿಸಿದರು. ಟ್ಯಾಂಕಿನ ನೆತ್ತಿಯ ಮೇಲೆ, ಕಳೆದ ವರ್ಷ 'ರದ್ದು' ಎಂದು ಬಳಿದ ಕೆಂಪು ಬಣ್ಣ ಇಳಿದು ಗೇಜಿನ ಮುಚ್ಚಳದ ಐದೂ ಸ್ಕ್ರೂಗಳನ್ನು ಮುಚ್ಚಿತ್ತು. ಬಣ್ಣದ ಪದರ ಎಲ್ಲೂ ಬಿರಿದಿರಲಿಲ್ಲ. ರೈಟರ್ ಅದನ್ನು ಮೊದಲು ಬರೆದ. ಪಂಚರಿಬ್ಬರೂ ಬಗ್ಗಿ ನೋಡಿ ಸಹಿ ಹಾಕಿದರು.

"ಮುಳ್ಳನ್ನ ನಾನು ನೋಡಲಾ?" ಎಂದು ಕೇಳಿದಳು ಟಾರ್ಪಾಲಕ್ಕ.

ಆರೋಪಿಗೆ ಅಂಥ ಕೆಲಸ ಕೊಡುವ ಪದ್ಧತಿ ಇಲ್ಲ. ಇನ್ಸ್‌ಪೆಕ್ಟರ್ ಕ್ಯಾಂಟೀನ್ ಯಜಮಾನನನ್ನು ಪಂಚನಾಗಿ ಪಕ್ಕದ ಸೀಟಿಗೆ ಹತ್ತಿಸಿ, ಅವಳನ್ನು ಚಾಲಕನ ಸೀಟಿಗೆ ಹತ್ತಿಸಿದರು. ಬೆನ್ನಿನ ಅಚ್ಚಿದ್ದ ಜಾಗದಲ್ಲಿ ಅವಳು ಒರಗದೆ, ಅಂಚಿಗೆ ಕೂತಳು. ಕೀಲಿ ತಿರುಗಿತು.

"ಎಷ್ಟು ತೋರಿಸ್ತಿದೆ?" ಹೊರಗಿನಿಂದ ರೈಟರ್ ಕೂಗಿದ.

"ಫುಲ್."

ಬಣ್ಣ ಕೆರೆದು, ಸ್ಕ್ರೂ ಬಿಚ್ಚಿ, ಮೆಕ್ಯಾನಿಕ್ ಕಡ್ಡಿಯನ್ನು ಟ್ಯಾಂಕಿನಿಂದ ಪೂರ್ತಿ ಹೊರಗೆಳೆದ. ಅದರಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು. ತೇಲುಗುಂಡು ಜೋತಾಡಲಿಲ್ಲ.

"ಈಗ?"

"ಫುಲ್," ಎಂದಳು. "ಆಚೆ ಗಾಳೀಲಿ ಹಿಡ್ಕೊಂಡಿದೀರಾ? ಆದ್ರೂ ಫುಲ್ ಅಂತಿದೆ."

ಗುಂಡನ್ನು ಬಿಗಿದಿದ್ದದ್ದು ಹೊಲಿಗೆಯ ದಾರವಲ್ಲ. ಎರಡೆಳೆ ಹೆಣೆದ ಸಣ್ಣ ತಂತಿ. ಅದು ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ದಿನಾ ಬೆಳಿಗ್ಗೆ ಮುಚ್ಚಳದ ಕಿವಿಯಲ್ಲಿ ನೋಡಿದ್ದೇ. ಒಬ್ಬೊಬ್ಬರೇ ತಿರುಗಿದರು. ಸೀಲು ಮಾಸ್ಟರ್ ಸೊಂಟದ ಕೀಲಿಗೊಂಚಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದರು. ನಗುಮುಖ ಅಲ್ಲೇ ಇತ್ತು, ಆದರೆ ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ.

"ಪೆಟ್ಟಿಗೆ ಕೀಲಿ ಯಾರ ಹತ್ರ ಇರುತ್ತೆ ಅಂದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ನಾನು… ಎಣ್ಣೆ ತೆಗೆದಾಗ ದೂರ ಹೋಗೋ ಗಾಡಿ ಅಂತ ಗೊತ್ತಿರಲಿಲ್ಲ ಸರ್. ಅವತ್ತು ಬೇರೆ ಗಾಡಿ ಹೋಗಬೇಕಿತ್ತು. ಕೊನೇ ಗಳಿಗೇಲಿ ಬದಲಾಯಿಸಿದ್ರು. ಹೇಳಬೇಕು ಅನ್ಕೊಂಡೆ…"

"ಹೇಳಲಿಲ್ಲ."

"ಇಲ್ಲ."

ಮೇಜರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಒಂದು ವರ್ಷದ ಹಿಂದಿನ ವರದಿಗೆ ಸಹಿ ಅವರದೇ.

ಮೆಕ್ಯಾನಿಕ್ ತಂತಿ ಕತ್ತರಿಸಿದ. ಗುಂಡು ಕೆಳಗೆ ಬಿತ್ತು.

"ಈಗ?"

"ಇಳೀತಿದೆ… ಖಾಲಿ. ಖಾಲಿ ತೋರಿಸ್ತಿದೆ."

ಕಡ್ಡಿಯನ್ನು ಮತ್ತೆ ಟ್ಯಾಂಕಿಗೆ ಇಳಿಸಿದರು. ಒಳಗೆಲ್ಲೋ ಒಂದು ಗುಟುಕಿನ ಸದ್ದಾಯಿತು.

"ಈಗ ಎಷ್ಟಕ್ಕಾ?"

ಕ್ಯಾಬಿನ್ನಿನಿಂದ ಉತ್ತರ ಬರಲಿಲ್ಲ. ರೈಟರ್ ಇನ್ನೊಮ್ಮೆ ಕೂಗಲು ಬಾಯಿ ತೆರೆದ. ಇನ್ಸ್‌ಪೆಕ್ಟರ್ ಕೈ ಎತ್ತಿ ತಡೆದರು.

"ಫುಲ್ ಇದೆ, ಮಗಾ," ಎಂದಳು ಒಳಗಿನಿಂದ. ರೈಟರನಿಗೆ ಹೇಳಿದ್ದಲ್ಲ.

*

ಸಂಜೆ ನಾಲ್ಕೂಕಾಲಿಗೆ ಸೀಲು ಮಾಸ್ಟರನ್ನು ಬಂಧಿಸಿ ಹೊಸದೊಂದು ಎಫ್‌ಐಆರ್ ದಾಖಲಿಸಲಾಯಿತು. ನಾಲ್ಕೂವರೆಗೆ ಟಾರ್ಪಾಲಕ್ಕನ ಬಂಧನ: ಸೇನಾ ವಾಹನಗಳ ಇಂಧನ ಟ್ಯಾಂಕ್ ಕೆಡಿಸಿದ್ದು, ಡೀಸೆಲ್ ತೆಗೆದದ್ದು. ಬಾಯಾರಿದ ಗಾಡಿಯಿಂದ ವಶಪಡಿಸಿಕೊಂಡ ಡೀಸೆಲ್ ನೂರ ಎಪ್ಪತ್ತೊಂದು ಲೀಟರ್. ಗಾಡಿ ಈಗ ಸಾಕ್ಷ್ಯ, ಗುಜರಿಗೆ ಹೋಗುವಂತಿಲ್ಲ. ಐದು ಗಂಟೆಗೆ ಕಾವಲುಗಾರನನ್ನು ಬಿಟ್ಟರು. ಅವನು ಹೆಂಡತಿಯ ಕಡೆಗೆ ಹೋಗುವ ಬದಲು ಮೊದಲು ಠಾಣೆಯ ಜೀಪಿನ ಹತ್ತಿರ ಬಂದು, "ಅಮ್ಮಾ, ನೀವು ಅಲ್ಲೇ ಇದ್ರಿ, ನಾನು ನೋಡಲೇ ಇಲ್ಲ" ಎಂದ. ಅವಳು ಅವನ ಅಂಗಿಯ ಸಡಿಲ ಗುಂಡಿಯನ್ನು ಮುಟ್ಟಿ ನೋಡಿ, "ಇದನ್ನ ಹೊಲಿಸ್ಕೋ, ಬಿದ್ದುಹೋಗುತ್ತೆ" ಎಂದಳು.

ಠಾಣೆಯಲ್ಲಿ ಪಂಚನಾಮೆ ಓದಿ ಹೇಳುವುದು ನಿಯಮ. ರೈಟರ್ ಓದಿದ. ಸೋಮವಾರದ ಹಾಳೆಯಲ್ಲಿ ಒಂದು ಸಾಲಿಗೆ ಬಂದಾಗ ಅವಳು, "ಇದನ್ನ ಇನ್ನೊಂದ್ಸಲ ಓದಿ" ಎಂದಳು.

"ಸೀಲು ಮುರಿದಿರಲಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇರಲಿಲ್ಲ."

"ಇನ್ನೊಂದ್ಸಲ."

ರೈಟರ್ ಓದಿದ. ಬೇರೆ ದಿನವಾಗಿದ್ದರೆ ಏನಾದರೂ ತಮಾಷೆ ಮಾಡುತ್ತಿದ್ದ. ಅವಳು ಹೆಬ್ಬೆರಳಿನ ಗುರುತು ಒತ್ತಲಿಲ್ಲ. ಎಡಗೈಯಲ್ಲಿ, ಹೊಲಿಗೆಯಷ್ಟು ಒತ್ತೊತ್ತಾಗಿ, ಸಹಿ ಹಾಕಿದಳು.

ಇನ್ಸ್‌ಪೆಕ್ಟರ್ ಕೊನೆಯ ಹಾಳೆಯನ್ನು ತಾವೇ ತೆಗೆದುಕೊಂಡು, ಸಹಿಗೆ ಮುಂಚೆ, ಮೊದಲ ಅಕ್ಷರದಿಂದ ಓದಿದರು. 'ಕೃತ್ಯಕ್ಕೆ ಕಾರಣ' ಎಂಬ ಜಾಗದಲ್ಲಿ ರೈಟರ್ ತನ್ನ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ದ: 'ಮೃತ ಚಾಲಕನು ಮುಳ್ಳು ಫುಲ್ ಇದೆ ಎಂದು ಹೇಳಿದ್ದು ನಿಜ.'

ಅದು ಕಾರಣವಲ್ಲ, ಅಲ್ಲಿ ಬರೆಯಬೇಕಾದ್ದೂ ಅಲ್ಲ. ಅವರು ತಿದ್ದಲಿಲ್ಲ. ಕೆಳಗೆ ಸಹಿ ಹಾಕಿ, ದಿನಾಂಕ ಹಾಕಿ, ವೇಳೆ ಬರೆದರು.